ಬಾನಿನಿಂದ ಬಿದ್ದ ಕಸ: ಸ್ಕೈಲ್ಯಾಬ್‌ನಿಂದ ಗ್ರೀನ್ ಹೆಡ್‌ವರೆಗೆ

2023ರ ಜುಲೈ ತಿಂಗಳ ನಡುವಿನಲ್ಲಿ, ನಮ್ಮ ಪರ್ತ್ ನಗರದಿಂದ ಉತ್ತರಕ್ಕೆ ಸುಮಾರು 250 ಕಿಲೋಮೀಟರ್ ದೂರದಲ್ಲಿರುವ ಗ್ರೀನ್ ಹೆಡ್ ಎಂಬ ಪುಟ್ಟ ಊರಿನ ಕಡಲ ತೀರಕ್ಕೆ ಒಂದು ವಿಚಿತ್ರ ವಸ್ತು ತೇಲಿ ಬಂದು ಬಿದ್ದಿತು. ತಾಮ್ರದ ಬಣ್ಣ, ಆಳಿಗಿಂತ ಎತ್ತರ, ಮದುವೆಮನೆಯ ಹಂಡೆಯನ್ನು ಹತ್ತು ಪಟ್ಟು ಹಿಗ್ಗಿಸಿದ ಹಾಗೆ ಆಕಾರ, ಮೈತುಂಬ ಅಂಟಿಕೊಂಡ ಕಡಲ ಚಿಪ್ಪುಗಳು. ಪೊಲೀಸರು ಬಂದು ಕಾವಲು ನಿಂತರು. 2014ರಲ್ಲಿ ಕಾಣೆಯಾದ ಮಲೇಷಿಯಾದ ವಿಮಾನದ ಚೂರಿರಬೇಕೆಂದು ಕೆಲವರು ಊಹಿಸಿದರು. ರಾಸಾಯನಿಕ ಪರೀಕ್ಷೆ ಮಾಡಿದವರು ಅಪಾಯವಿಲ್ಲ ಎಂದರು. ಜುಲೈ 31ರಂದು ಆಸ್ಟ್ರೇಲಿಯಾದ ಬಾಹ್ಯಾಕಾಶ ಸಂಸ್ಥೆ ತನ್ನ ತೀರ್ಮಾನವನ್ನು ಪ್ರಕಟಿಸಿತು: ಅದು ಬಹುಮಟ್ಟಿಗೆ ಭಾರತದ ಪಿ.ಎಸ್.ಎಲ್.ವಿ. ರಾಕೆಟ್ಟಿನ ಮೂರನೆಯ ಹಂತದ ಭಾಗ. ವೀಸಾ ಕೇಳುವವರಿಲ್ಲದೆ ಬಂದಿಳಿದ ಈ ಅತಿಥಿ ನಮ್ಮ ಇಸ್ರೋದವರೇ!

ರಾಕೆಟ್ಟಿನ ಕೆಳ ಹಂತಗಳು ಇಂಧನ ಉರಿದ ಮೇಲೆ ಕಳಚಿ ಸಮುದ್ರಕ್ಕೆ ಬೀಳುವುದು ಹೊಸದೇನಲ್ಲ. ಎಲ್ಲ ದೇಶಗಳೂ ಹಾಗೆಯೇ ಮಾಡುತ್ತವೆ. ಮುಳುಗಬೇಕಾದದ್ದು ಮುಳುಗದೆ ಅಲೆಗಳ ಜೊತೆ ದಡಕ್ಕೆ ಬಂದದ್ದಷ್ಟೇ ಇಲ್ಲಿನ ವಿಶೇಷ. ಆದರೆ ಆ ದಿನಗಳಲ್ಲಿ ಪಶ್ಚಿಮ ಆಸ್ಟ್ರೇಲಿಯಾದ ಪ್ರೀಮಿಯರ್ ರೋಜರ್ ಕುಕ್ ಅವರು, ಬೇಕಿದ್ದರೆ ಇದನ್ನು ನಮ್ಮ ಮ್ಯೂಸಿಯಂನಲ್ಲಿ ಸ್ಕೈಲ್ಯಾಬ್ ಚೂರುಗಳ ಪಕ್ಕದಲ್ಲಿ ಇಡಬಹುದು ಎಂದರು. ಈಚೆಗೆ ಬಂದು ನೆಲೆಸಿರುವ ನಮ್ಮ ಯುವ ಸದಸ್ಯರಲ್ಲಿ ಹಲವರಿಗೆ ಆ ಮಾತು ಅರ್ಥವಾಗಿರಲಾರದು. ಸಂಘದ ಹಿರಿಯರಿಗೆ ಮಾತ್ರ ಅದು ಥಟ್ಟನೆ ಹೊಳೆದಿರುತ್ತದೆ. ಸ್ಕೈಲ್ಯಾಬ್ ಎಂದರೆ ಅವರಿಗೆ ಊರಲ್ಲಿ ಕಳೆದ ಬಾಲ್ಯದ ನೆನಪು.

1979ರ ಜೂನ್, ಜುಲೈ ತಿಂಗಳುಗಳಲ್ಲಿ ಕರ್ನಾಟಕದ ಹಳ್ಳಿ ಪಟ್ಟಣಗಳಲ್ಲಿ ಎಲ್ಲಿ ನಾಲ್ಕು ಜನ ಸೇರಿದರೂ ಇದೇ ಮಾತು. ದೆಹಲಿಯಲ್ಲಿ ಮೊರಾರ್ಜಿ ದೇಸಾಯಿಯವರ ಸರ್ಕಾರ ಉರುಳುವ ಹಂತದಲ್ಲಿತ್ತು. ಆದರೂ ಆಕಾಶವಾಣಿಯ ವಾರ್ತೆಯಲ್ಲಿ ಜನ ಕಿವಿಗೊಟ್ಟು ಕೇಳುತ್ತಿದ್ದದ್ದು ಸ್ಕೈಲ್ಯಾಬ್ ಎಷ್ಟು ಕೆಳಗೆ ಬಂದಿದೆ ಎಂಬುದನ್ನು. ಹೇಗೂ ಸಾಯುವುದೇ ಎಂದು ಕೋಳಿ ಕುರಿ ಕೊಯ್ದು ಉಂಡವರ ಕಥೆಗಳನ್ನು, ಸಾಲ ತೀರಿಸುವುದೇಕೆ ಎಂದು ಸುಮ್ಮನೆ ಕುಳಿತವರ ಕಥೆಗಳನ್ನು ಇಂದಿಗೂ ಹಿರಿಯರು ನಗುನಗುತ್ತ ಹೇಳುತ್ತಾರೆ. ಎಷ್ಟು ನಿಜವೋ ಎಷ್ಟು ಉಪ್ಪು ಖಾರವೋ ಬಲ್ಲವರಿಲ್ಲ. ಭಯ ಮಾತ್ರ ನಿಜವಾಗಿತ್ತು.

ಅದು ಬಿದ್ದದ್ದು ಭಾರತದಲ್ಲಲ್ಲ, ಈಗ ನಾವು ಮನೆ ಮಾಡಿಕೊಂಡಿರುವ ಈ ರಾಜ್ಯದಲ್ಲಿ.

ಸ್ಕೈಲ್ಯಾಬ್ ಅಮೆರಿಕದ ಮೊದಲ ಬಾಹ್ಯಾಕಾಶ ನಿಲ್ದಾಣ. ಚಂದ್ರನಿಗೆ ಮನುಷ್ಯರನ್ನು ಕಳಿಸಿದ ಸ್ಯಾಟರ್ನ್-5 ರಾಕೆಟ್ಟಿನಲ್ಲಿ 1973ರ ಮೇ 14ರಂದು ಅದನ್ನು ಹಾರಿಸಿದರು. ತೂಕ ಸುಮಾರು 77 ಟನ್. ಮೇಲೇರುವಾಗಲೇ ಅದರ ರಕ್ಷಾಕವಚ ಹರಿದುಹೋಗಿ, ಒಂದು ಸೌರಫಲಕವೂ ಕಿತ್ತುಹೋಯಿತು. ಮೊದಲು ಹೋದ ಮೂವರು ಯಾತ್ರಿಗಳು ಬಿಸಿಲಿಗೆ ಕೊಡೆ ಹಿಡಿದಂತೆ ಬಟ್ಟೆಯ ಮರೆಯೊಂದನ್ನು ಕಟ್ಟಿ ಅದನ್ನು ವಾಸಯೋಗ್ಯ ಮಾಡಿದರು. ಒಟ್ಟು ಮೂರು ತಂಡಗಳು 28, 59 ಮತ್ತು 84 ದಿನ ಅಲ್ಲಿ ಕಳೆದು ಬಂದವು. 1974ರ ಫೆಬ್ರವರಿಯಲ್ಲಿ ಕೊನೆಯ ತಂಡ ಬಾಗಿಲು ಹಾಕಿಕೊಂಡು ಹೊರಟಿತು. ಆಮೇಲೆ ಆ ಮನೆ ಖಾಲಿ.

ಖಾಲಿ ಬಿಟ್ಟರೂ ಮೇಲೆ ಇರುತ್ತದೆ ಎಂಬ ಧೈರ್ಯ ಎಲ್ಲಿಂದ ಬಂತು ಎಂದು ಕೇಳಬಹುದು. ಅದು ಇದ್ದ ಸುಮಾರು 435 ಕಿಲೋಮೀಟರ್ ಎತ್ತರದಲ್ಲಿಯೂ ಗಾಳಿಯ ಒಂದು ತೆಳುವಾದ ಉಸಿರು ಇದ್ದೇ ಇರುತ್ತದೆ. ಅದರ ತಡೆಯಿಂದ ಉಪಗ್ರಹ ದಿನದಿನಕ್ಕೆ ಕೂದಲೆಳೆಯಷ್ಟು ಕೆಳಗಿಳಿಯುತ್ತದೆ. ಆ ಲೆಕ್ಕದಲ್ಲಿ ಸ್ಕೈಲ್ಯಾಬ್ 1980ರ ದಶಕದವರೆಗೆ ಉಳಿಯಬೇಕಿತ್ತು, ಅಷ್ಟರಲ್ಲಿ ಹೊಸ ಸ್ಪೇಸ್ ಶಟಲ್ ಹೋಗಿ ಅದನ್ನು ಮೇಲಕ್ಕೆ ತಳ್ಳಬೇಕಿತ್ತು. ಎರಡೂ ಲೆಕ್ಕ ತಪ್ಪಿದವು. ಸೂರ್ಯನಲ್ಲಿ ಸುಮಾರು ಹನ್ನೊಂದು ವರ್ಷಕ್ಕೊಮ್ಮೆ ಏರಿಳಿಯುವ ಒಂದು ಚಟುವಟಿಕೆಯಿದೆ. ಅದು ಜೋರಾದಾಗ ಭೂಮಿಯ ಮೇಲ್ಪದರದ ಗಾಳಿ ಕಾದು ಉಬ್ಬುತ್ತದೆ, ಉಪಗ್ರಹಗಳಿಗೆ ತಡೆ ಹೆಚ್ಚುತ್ತದೆ. ಆ ಸಲ ಸೂರ್ಯ ನಾಸಾದವರು ಅಂದುಕೊಂಡದ್ದಕ್ಕಿಂತ ಚುರುಕಾಗಿದ್ದ. ಇತ್ತ ಶಟಲ್ ಮೊದಲ ಸಲ ಹಾರಿದ್ದೇ 1981ರಲ್ಲಿ. ಮನೆ ಕಟ್ಟಿದವರು ಕೆಡವುವ ಬಗೆಯನ್ನು ಯೋಚಿಸಿರಲಿಲ್ಲ. ಸಮುದ್ರದ ಕಡೆಗೆ ಗುರಿಯಿಟ್ಟು ಇಳಿಸಬಲ್ಲ ಎಂಜಿನ್ ಸ್ಕೈಲ್ಯಾಬ್‌ನಲ್ಲಿ ಇರಲೇ ಇಲ್ಲ.

ಭೂಮಿಯ ಮೇಲೆ ಯಾರಾದರೊಬ್ಬರಿಗೆ ಚೂರು ತಗಲುವ ಸಂಭವ 152ರಲ್ಲಿ ಒಂದು ಎಂದು ನಾಸಾ ಲೆಕ್ಕ ಹಾಕಿತು. ಇಂದಿನ ಯಾವ ಬಾಹ್ಯಾಕಾಶ ಸಂಸ್ಥೆಯೂ ಒಪ್ಪದ ಅಂಕಿ ಇದು. ಈಗ ಸಾಮಾನ್ಯವಾಗಿ ಒಪ್ಪಿಕೊಂಡಿರುವ ಮಿತಿ 10,000ದಲ್ಲಿ ಒಂದು.

ಕೊನೆಯ ಸುತ್ತಿನಲ್ಲಿ ಭೂನಿಲ್ದಾಣದವರ ಕೈಯಲ್ಲಿದ್ದದ್ದು ಒಂದೇ ಉಪಾಯ. ನಿಲ್ದಾಣವನ್ನು ಓರೆ ಮಾಡಿದರೆ ಗಾಳಿಯ ತಡೆ ಹೆಚ್ಚು, ನೇರ ಮಾಡಿದರೆ ಕಡಿಮೆ, ಉರುಳುವಂತೆ ಮಾಡಿದರೆ ಇನ್ನೊಂದು ಬಗೆ. ಉತ್ತರ ಅಮೆರಿಕವನ್ನು ದಾಟಿಸಿ, ದಕ್ಷಿಣ ಆಫ್ರಿಕಾದ ಕೇಪ್ ಟೌನ್‌ನ ಆಗ್ನೇಯಕ್ಕಿರುವ ಬರಿ ನೀರಿನಲ್ಲಿ ಬೀಳಿಸಬೇಕೆಂದು ಅದನ್ನು ಉರುಳುವಂತೆ ಮಾಡಿದರು. ಆದರೆ ಅವರು ಎಣಿಸಿದಷ್ಟು ಬೇಗ ಅದು ಒಡೆಯಲಿಲ್ಲ. ಹಿಂದೂ ಮಹಾಸಾಗರವನ್ನೆಲ್ಲ ದಾಟಿಕೊಂಡು ಬಂತು. ಅಮೆರಿಕದಲ್ಲಿ ಜುಲೈ 11ರ ಹಗಲು, ಇಲ್ಲಿ 12ರ ಮಧ್ಯರಾತ್ರಿ ಕಳೆದು ಅರ್ಧ ಗಂಟೆ. ಎಸ್ಪೆರೆನ್ಸಿನ ಜನ ಆಕಾಶದಲ್ಲಿ ಬಣ್ಣಬಣ್ಣದ ಬೆಂಕಿಯ ಉಂಡೆಗಳು ಸಾಲಾಗಿ ಹೋಗುವುದನ್ನು ನೋಡಿದರು. ಸ್ವಲ್ಪ ಹೊತ್ತಿಗೆ ಗುಡುಗಿನಂಥ ಸದ್ದಿಗೆ ಮನೆಗಳು ನಡುಗಿದವು.

ಯಾರಿಗೂ ಗಾಯವಾಗಲಿಲ್ಲ. ಅದು ಅದೃಷ್ಟ, ಬೇರೇನಲ್ಲ. ಎಸ್ಪೆರೆನ್ಸಿನಿಂದ ನಲ್ಲಾರ್ಬರ್ ಬಯಲಿನವರೆಗೆ ಚೂರುಗಳು ಚೆಲ್ಲಿದ್ದು ಜನವಸತಿ ತೀರ ವಿರಳವಾದ ನೆಲದಲ್ಲಿ. ಅದೇ ದಾರಿ ಸ್ವಲ್ಪ ಬೇರೆಯಾಗಿದ್ದರೆ ಈ ಕಥೆಯನ್ನು ನಗುತ್ತ ಹೇಳಲಾಗುತ್ತಿರಲಿಲ್ಲ.

ಆಮೇಲಿನದು ಬಹುಪಾಲು ತಮಾಷೆಯೇ. ಸ್ಯಾನ್ ಫ್ರಾನ್ಸಿಸ್ಕೋದ ಒಂದು ಪತ್ರಿಕೆ, ಬಿದ್ದ 72 ಗಂಟೆಯೊಳಗೆ ಚೂರನ್ನು ತಮ್ಮ ಕಚೇರಿಗೆ ತಂದವರಿಗೆ 10,000 ಡಾಲರ್ ಎಂದು ಸಾರಿತ್ತು. ಎಸ್ಪೆರೆನ್ಸಿನ 17 ವರ್ಷದ ಹುಡುಗನೊಬ್ಬ ತನ್ನ ಮನೆಯ ಬಳಿ ಸಿಕ್ಕ ಸುಟ್ಟ ತುಂಡುಗಳನ್ನು ಎತ್ತಿಕೊಂಡು ವಿಮಾನ ಹತ್ತಿ ಬಹುಮಾನ ಗೆದ್ದುಬಂದ. ಅದೇ ತಿಂಗಳು ಪರ್ತ್‌ನಲ್ಲಿ ನಡೆದ ವಿಶ್ವಸುಂದರಿ ಸ್ಪರ್ಧೆಯ ವೇದಿಕೆಯ ಮೇಲೆ ಸ್ಕೈಲ್ಯಾಬಿನ ದೊಡ್ಡ ತುಂಡೊಂದನ್ನು ಪ್ರದರ್ಶನಕ್ಕಿಟ್ಟರು. ಅಮೆರಿಕದ ಅಧ್ಯಕ್ಷ ಜಿಮ್ಮಿ ಕಾರ್ಟರ್ ಇಲ್ಲಿನ ಪ್ರಧಾನಿ ಮಾಲ್ಕಮ್ ಫ್ರೇಸರ್ ಅವರಿಗೆ ಸಂದೇಶ ಕಳಿಸಿ ಕಳವಳ ಸೂಚಿಸಿದರು. ಎಸ್ಪೆರೆನ್ಸ್ ಶೈರ್‌ನವರು ಕಸ ಎಸೆದ ತಪ್ಪಿಗೆ ನಾಸಾದ ಮೇಲೆ 400 ಡಾಲರ್ ದಂಡ ಹಾಕಿದರು. ನಾಸಾ ಕಟ್ಟಲಿಲ್ಲ. ಮೂವತ್ತು ವರ್ಷ ಕಳೆದು 2009ರಲ್ಲಿ ಕ್ಯಾಲಿಫೋರ್ನಿಯಾದ ಒಬ್ಬ ರೇಡಿಯೋ ನಿರೂಪಕರು ತಮ್ಮ ಕೇಳುಗರಿಂದ ಹಣ ಕೂಡಿಸಿ ಆ ಬಾಕಿಯನ್ನು ತೀರಿಸಿದರು. ಶಾಲೆಯ ರಜೆಯಲ್ಲಿ ಆ ಕಡೆ ಕಾರಿನಲ್ಲಿ ಹೋಗುವವರು ಎಸ್ಪೆರೆನ್ಸಿನ ಮ್ಯೂಸಿಯಂಗೆ ಮಕ್ಕಳನ್ನು ಕರೆದೊಯ್ಯಿರಿ, ಚೂರುಗಳನ್ನು ಕಣ್ಣಾರೆ ನೋಡಬಹುದು.

ಆದರೆ ಆ 400 ಡಾಲರಿನ ದಂಡದ ಹಿಂದೆ ಒಂದು ಗಂಭೀರ ಪ್ರಶ್ನೆಯಿದೆ. ಆಕಾಶದಿಂದ ಬಿದ್ದದ್ದಕ್ಕೆ ಹೊಣೆ ಯಾರು? ಈ ಪ್ರಶ್ನೆಗೆ ಉತ್ತರ ಕೊಡಬೇಕಾಗಿ ಬಂದದ್ದು ಸ್ಕೈಲ್ಯಾಬಿಗಿಂತ ಒಂದೂವರೆ ವರ್ಷ ಮೊದಲು, ಕೆನಡಾದಲ್ಲಿ.

ಸೋವಿಯತ್ ಒಕ್ಕೂಟ 1977ರ ಸೆಪ್ಟೆಂಬರಿನಲ್ಲಿ ಕಾಸ್ಮೋಸ್-954 ಎಂಬ ಉಪಗ್ರಹವನ್ನು ಹಾರಿಸಿತ್ತು. ಸಮುದ್ರದ ಮೇಲಿನ ಯುದ್ಧನೌಕೆಗಳನ್ನು ರೇಡಾರ್‌ನಿಂದ ಪತ್ತೆ ಮಾಡುವ ಬೇಹುಗಾರ ಉಪಗ್ರಹ ಅದು. ರೇಡಾರಿಗೆ ಬೇಕಾದ ವಿದ್ಯುತ್ತಿಗಾಗಿ ಅದರೊಳಗೆ ಯುರೇನಿಯಂ ತುಂಬಿದ ಪುಟ್ಟ ಪರಮಾಣು ರಿಯಾಕ್ಟರ್ ಇತ್ತು. ಕೆಲಸ ಮುಗಿದ ಮೇಲೆ ಆ ರಿಯಾಕ್ಟರನ್ನು ಕಳಚಿ ಎತ್ತರದ ಕಕ್ಷೆಗೆ ತಳ್ಳಿಬಿಡುವುದು ಅವರ ಏರ್ಪಾಡು. ಈ ಸಲ ಅದು ಕೈಕೊಟ್ಟಿತು. 1978ರ ಜನವರಿ 24ರಂದು ಉಪಗ್ರಹ ರಿಯಾಕ್ಟರ್ ಸಮೇತ ಕೆನಡಾದ ವಾಯವ್ಯ ಪ್ರದೇಶದ ಹಿಮದ ಮೇಲೆ ಉದುರಿತು. ಸುಮಾರು 600 ಕಿಲೋಮೀಟರ್ ಉದ್ದದ ಪಟ್ಟಿಯಲ್ಲಿ ವಿಕಿರಣ ಸೂಸುವ ಚೂರುಗಳು. ನಡುಚಳಿಗಾಲದಲ್ಲಿ ಕೆನಡಾ ಮತ್ತು ಅಮೆರಿಕದ ತಂಡಗಳು ವಿಮಾನ, ಹೆಲಿಕಾಪ್ಟರುಗಳಲ್ಲಿ 1,24,000 ಚದರ ಕಿಲೋಮೀಟರ್ ನೆಲವನ್ನು ಜಾಲಾಡಿದವು. ಸಿಕ್ಕಿದ ಇಂಧನ ಒಟ್ಟಿನ ಶೇಕಡಾ ಒಂದರ ಹತ್ತನೇ ಒಂದು ಪಾಲಿನಷ್ಟು ಮಾತ್ರ ಎಂದು ಅಂದಾಜು. ಆ ನೆಲದಲ್ಲಿ ಬೇಟೆಯಾಡಿ ಬದುಕುವ ದೆನೆ ಜನಾಂಗದವರಿಗೆ, ನಾವು ತಿನ್ನುವ ಕ್ಯಾರಿಬೂ ಜಿಂಕೆ, ಕುಡಿಯುವ ನೀರು ಶುದ್ಧವೇ ಎಂಬ ಅಂಜಿಕೆ ಬಹುಕಾಲ ಉಳಿಯಿತು.

1972ರಲ್ಲಿಯೇ ವಿಶ್ವಸಂಸ್ಥೆಯ ಆಶ್ರಯದಲ್ಲಿ ಹಾನಿಯ ಹೊಣೆಗಾರಿಕೆ ಕುರಿತ ಒಂದು ಒಪ್ಪಂದ ಆಗಿತ್ತು. ಉಡಾಯಿಸಿದ ದೇಶದ ವಸ್ತುವಿನಿಂದ ನೆಲದ ಮೇಲೆ ಹಾನಿಯಾದರೆ, ತಪ್ಪು ಇದೆಯೋ ಇಲ್ಲವೋ ಎಂಬ ವಿಚಾರಣೆಯೇ ಬೇಡ, ಆ ದೇಶವೇ ಪರಿಹಾರ ಕೊಡಬೇಕು. ಬಾಹ್ಯಾಕಾಶದೊಳಗೇ ಹಾನಿಯಾದರೆ ಮಾತ್ರ ತಪ್ಪು ಯಾರದೆಂದು ತೋರಿಸಬೇಕು. ಕೆನಡಾ ಈ ಒಪ್ಪಂದವನ್ನು ಹಿಡಿದು ಸುಮಾರು 60 ಲಕ್ಷ ಕೆನಡಾ ಡಾಲರುಗಳ ಬಿಲ್ಲು ಕಳಿಸಿತು. ಮಾತುಕತೆ ನಡೆದು 1981ರಲ್ಲಿ ಮಾಸ್ಕೋ 30 ಲಕ್ಷ ಕೊಟ್ಟು ಕೈತೊಳೆದುಕೊಂಡಿತು. ಅರ್ಧಕ್ಕರ್ಧ ಚೌಕಾಸಿ! ಆದರೂ ಶೀತಲ ಸಮರದ ಆ ಕಾಲದಲ್ಲಿ ಒಂದು ಮಹಾಶಕ್ತಿ ನೆರೆಹೊರೆಯವರ ಅಂಗಳಕ್ಕೆ ಬಿದ್ದ ತನ್ನ ಕಸಕ್ಕೆ ಹಣ ತೆತ್ತಿತೆಂಬುದೇ ಸಣ್ಣ ಸಂಗತಿಯಲ್ಲ.

ಬೀಳುವ ಕಸ ಕಣ್ಣಿಗೆ ಕಾಣುತ್ತದೆ, ಪತ್ರಿಕೆಯಲ್ಲಿ ಸುದ್ದಿಯಾಗುತ್ತದೆ. ಬೀಳದೆ ಮೇಲೇ ಉಳಿಯುವ ಕಸ ಹೆಚ್ಚು ಅಪಾಯಕಾರಿ ಎಂಬುದು ನನ್ನ ಅಭಿಪ್ರಾಯ. ಕಾಸ್ಮೋಸ್ ಬಿದ್ದ ಅದೇ 1978ರಲ್ಲಿ ನಾಸಾದ ಡೊನಾಲ್ಡ್ ಕೆಸ್ಲರ್ ಮತ್ತು ಬರ್ಟನ್ ಕೂರ್-ಪಲೇ ಎಂಬ ಇಬ್ಬರು ಒಂದು ಪ್ರಬಂಧ ಪ್ರಕಟಿಸಿದರು. ಉಪಗ್ರಹಗಳು ಒಂದಕ್ಕೊಂದು ಢಿಕ್ಕಿ ಹೊಡೆದರೆ ನೂರಾರು ಚೂರುಗಳಾಗುತ್ತವೆ. ಆ ಚೂರುಗಳು ಮತ್ತೆ ಬೇರೆ ಉಪಗ್ರಹಗಳಿಗೆ ಬಡಿದು ಇನ್ನಷ್ಟು ಚೂರುಗಳು. ಒಂದು ಹಂತ ದಾಟಿದ ಮೇಲೆ ಹೊಸದಾಗಿ ಏನೂ ಹಾರಿಸದಿದ್ದರೂ ಕಸ ತಾನೇ ತಾನಾಗಿ ಬೆಳೆಯುತ್ತದೆ. ರಕ್ತಬೀಜಾಸುರನ ಕಥೆ ಕೇಳಿದ ನಮಗೆ ಇದನ್ನು ಹೆಚ್ಚು ವಿವರಿಸಬೇಕಾಗಿಲ್ಲ.

ಆ ಎತ್ತರದಲ್ಲಿ ವಸ್ತುಗಳು ಸೆಕೆಂಡಿಗೆ ಏಳೂವರೆ ಕಿಲೋಮೀಟರಿನಂತೆ ಓಡುತ್ತವೆ, ಬಂದೂಕಿನ ಗುಂಡಿನ ಸುಮಾರು ಹತ್ತು ಪಟ್ಟು ವೇಗ. ಗೋಲಿಯಷ್ಟು ಗಾತ್ರದ ಚೂರು ಸಾಕು ಒಂದು ಉಪಗ್ರಹವನ್ನು ಕೆಡಿಸಲು. ಅಂಥ, ಒಂದು ಸೆಂಟಿಮೀಟರಿಗಿಂತ ದೊಡ್ಡ ಚೂರುಗಳು ಹತ್ತು ಲಕ್ಷಕ್ಕೂ ಮೀರಿ ಇವೆಯೆಂದು ಯುರೋಪಿನ ಬಾಹ್ಯಾಕಾಶ ಸಂಸ್ಥೆಯ ಅಂದಾಜು. ಎತ್ತರ ಹೆಚ್ಚಿದಷ್ಟೂ ಕಸದ ಆಯುಸ್ಸೂ ಹೆಚ್ಚು. ಉಡುಪಿ ಬಳಿಯ ಅದಮಾರಿನ ಯು. ಆರ್. ರಾಯರ ಮುಂದಾಳ್ತನದಲ್ಲಿ ಬೆಂಗಳೂರಿನ ಪೀಣ್ಯದ ಶೆಡ್ಡುಗಳಲ್ಲಿ ತಯಾರಾದ ನಮ್ಮ ಆರ್ಯಭಟ 1975ರಲ್ಲಿ ಹೋಗಿ ಸುಮಾರು 600 ಕಿಲೋಮೀಟರ್ ಎತ್ತರದಲ್ಲಿ ಸುತ್ತಿತು. ಅದು ತಾನಾಗಿ ಇಳಿದು ಉರಿದುಹೋದದ್ದು 1992ರಲ್ಲಿ. 800 ಕಿಲೋಮೀಟರ್ ಮೇಲಾದರೆ ಈ ಕಾಯುವಿಕೆ ನೂರಾರು ವರ್ಷ.

ಕೆಸ್ಲರ್ ಹೇಳಿದ್ದು 2009ರ ಫೆಬ್ರವರಿ 10ರಂದು ದೊಡ್ಡ ಪ್ರಮಾಣದಲ್ಲಿ ನಿಜವಾಯಿತು. ಸೈಬೀರಿಯಾದ ಮೇಲೆ ಸುಮಾರು 790 ಕಿಲೋಮೀಟರ್ ಎತ್ತರದಲ್ಲಿ, ಕೆಲಸ ಮಾಡುತ್ತಿದ್ದ ಅಮೆರಿಕದ ಇರಿಡಿಯಂ-33 ಎಂಬ ದೂರವಾಣಿ ಉಪಗ್ರಹಕ್ಕೆ, ಎಂದೋ ಸತ್ತುಹೋಗಿದ್ದ ರಷ್ಯಾದ ಕಾಸ್ಮೋಸ್-2251 ಬಂದು ಅಪ್ಪಳಿಸಿತು. ಎರಡೂ ನುಚ್ಚುನೂರು. ಇಲ್ಲಿ ಹೊಣೆ ಯಾರದು? ಸತ್ತ ಉಪಗ್ರಹ ಪಕ್ಕಕ್ಕೆ ಸರಿಯಲಾರದು. ಬದುಕಿದ್ದದ್ದು ಸರಿಯಲಿಲ್ಲ. ತಪ್ಪು ಯಾರದೆಂದು ತೋರಿಸಬೇಕೆನ್ನುವ 1972ರ ಒಪ್ಪಂದ ಇಂಥ ಕಡೆ ಕೈಚೆಲ್ಲುತ್ತದೆ.

ಇದು ಆಕಸ್ಮಿಕ. ಬೇಕೆಂದೇ ಒಡೆದವರೂ ಇದ್ದಾರೆ. 2007ರ ಜನವರಿ 11ರಂದು ಚೀನಾ ತನ್ನದೇ ಹಳೆಯ ಹವಾಮಾನ ಉಪಗ್ರಹವನ್ನು ಸುಮಾರು 860 ಕಿಲೋಮೀಟರ್ ಎತ್ತರದಲ್ಲಿ ಕ್ಷಿಪಣಿಯಿಂದ ಹೊಡೆಯಿತು. ಗುರುತಿಸಬಲ್ಲ ಚೂರುಗಳೇ 3,000ಕ್ಕೂ ಹೆಚ್ಚು. 2021ರ ನವೆಂಬರ್ 15ರಂದು ರಷ್ಯಾ ಹೀಗೆಯೇ ಮಾಡಿದಾಗ ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣದಲ್ಲಿದ್ದವರು, ಅವರಲ್ಲಿ ರಷ್ಯನ್ನರೂ ಇದ್ದರು, ತಮ್ಮ ತಮ್ಮ ನೌಕೆಗಳೊಳಗೆ ಹೋಗಿ ಕೂರಬೇಕಾಯಿತು.

ಭಾರತದ ಮಾತನ್ನೂ ಮುಚ್ಚಿಡಬಾರದು. 2001ರ ಡಿಸೆಂಬರಿನಲ್ಲಿ, ಎರಡು ತಿಂಗಳ ಹಿಂದೆ ಹಾರಿದ್ದ ಪಿ.ಎಸ್.ಎಲ್.ವಿ. ರಾಕೆಟ್ಟಿನ ಕೊನೆಯ ಹಂತ ಉಳಿದ ಇಂಧನದಿಂದ ಸಿಡಿದು 300ಕ್ಕೂ ಹೆಚ್ಚು ಚೂರುಗಳಾದವು. ಅದರಿಂದ ಪಾಠ ಕಲಿತ ಇಸ್ರೋ ಆ ಬಳಿಕ ಕೊನೆಯ ಹಂತದಲ್ಲಿ ಉಳಿದ ಇಂಧನವನ್ನು ಹೊರಚೆಲ್ಲುವ ಪದ್ಧತಿ ತಂದಿತು. 2019ರ ಮಾರ್ಚ್ 27ರಂದು ಭಾರತವೂ ತನ್ನದೇ ಉಪಗ್ರಹವೊಂದನ್ನು ಕ್ಷಿಪಣಿಯಿಂದ ಹೊಡೆದು ಸಾಮರ್ಥ್ಯ ತೋರಿತು. ಕೇವಲ 300 ಕಿಲೋಮೀಟರಿನ ಆಸುಪಾಸಿನ ಎತ್ತರವನ್ನು ಆರಿಸಿಕೊಂಡದ್ದು ವಿವೇಕವೇ. ಬಹುಪಾಲು ಚೂರುಗಳು ಬೇಗ ಉರಿದುಹೋದವು. ಆದರೆ ಹೊಡೆತದ ರಭಸಕ್ಕೆ ಕೆಲವು ಬಹಳ ಮೇಲಕ್ಕೆ ಚಿಮ್ಮಿ, ವರ್ಷ ದಾಟಿಯೂ ಉಳಿದವು. ಆ ದಿನ ನಮ್ಮಲ್ಲಿ ಹಲವರು ಹೆಮ್ಮೆಪಟ್ಟೆವು. ಹೆಮ್ಮೆಯ ಜೊತೆಗೆ ಈ ಲೆಕ್ಕವನ್ನೂ ಇಟ್ಟುಕೊಳ್ಳಬೇಕು.

2022ರ ಡಿಸೆಂಬರಿನಲ್ಲಿ, ಹೀಗೆ ಉಪಗ್ರಹ ಒಡೆಯುವ ಪರೀಕ್ಷೆಗಳನ್ನು ಮಾಡಬಾರದೆಂಬ ಗೊತ್ತುವಳಿ ವಿಶ್ವಸಂಸ್ಥೆಯ ಮುಂದೆ ಬಂತು. 155 ದೇಶಗಳು ಪರವಾಗಿ ನಿಂತವು, ಅವುಗಳಲ್ಲಿ ಆಸ್ಟ್ರೇಲಿಯಾವೂ ಒಂದು. ಚೀನಾ, ರಷ್ಯಾ ಮುಂತಾದ 9 ದೇಶಗಳು ವಿರೋಧಿಸಿದವು. ಭಾರತ ತಟಸ್ಥವಾಗಿ ಉಳಿಯಿತು. ಹುಟ್ಟಿದ ನಾಡು ಒಂದು ಕಡೆ, ಬಾಳುವ ನಾಡು ಇನ್ನೊಂದು ಕಡೆ. ಕ್ರಿಕೆಟ್ಟಿನ ದಿನ ನಮ್ಮ ಮನೆಗಳಲ್ಲಿ ಆಗುವಂತೆ ಅಂದುಕೊಳ್ಳಿ, ಆದರೆ ಇಲ್ಲಿ ಪಣಕ್ಕಿಟ್ಟದ್ದು ಕಪ್ಪಲ್ಲ. ಇಲ್ಲಿ ಕಾಳ್ಗಿಚ್ಚು ಎಲ್ಲಿ ಹೊತ್ತಿದೆಯೆಂದು ತೋರುವುದು, ಬಂಗಾಳ ಕೊಲ್ಲಿಯ ಚಂಡಮಾರುತ ಯಾವ ಕರಾವಳಿಗೆ ಬರುವುದೆಂದು ನಾಲ್ಕು ದಿನ ಮೊದಲೇ ಹೇಳುವುದು, ಹಡಗಿಗೂ ವಿಮಾನಕ್ಕೂ ನಮ್ಮ ಕಾರಿಗೂ ದಾರಿ ಕಾಣಿಸುವುದು, ಎಲ್ಲ ಆ ಉಪಗ್ರಹಗಳೇ.

ಪೀಣ್ಯದ ಕಡೆ ಮತ್ತೆ ಬರೋಣ. ಆರ್ಯಭಟ ಹುಟ್ಟಿದ ಅದೇ ಪೀಣ್ಯದಲ್ಲಿ ಇಸ್ರೋದ ಇಸ್ಟ್ರ್ಯಾಕ್ ಕೇಂದ್ರವಿದೆ. ಅಲ್ಲಿ 2022ರ ಜುಲೈನಲ್ಲಿ, ಉಪಗ್ರಹಗಳ ಸುರಕ್ಷತೆಗಾಗಿಯೇ ಒಂದು ನಿಯಂತ್ರಣ ಕೇಂದ್ರವನ್ನು ತೆರೆದರು. ಯಾವ ಚೂರು ನಮ್ಮ ಯಾವ ಉಪಗ್ರಹದ ಹತ್ತಿರ ಬರುತ್ತಿದೆ ಎಂದು ಹಗಲು ರಾತ್ರಿ ಲೆಕ್ಕ ಹಾಕುವುದು, ಅಗತ್ಯವಿದ್ದರೆ ಉಪಗ್ರಹವನ್ನು ಸ್ವಲ್ಪ ಸರಿಸುವುದು ಅವರ ಕೆಲಸ. 2023ರಲ್ಲಿ ಚಂದ್ರಯಾನ-3ರ ಉಡಾವಣೆಯನ್ನು ಇವರ ಲೆಕ್ಕಾಚಾರದ ಮೇಲೆ 4 ಸೆಕೆಂಡು ತಡ ಮಾಡಿದರು. ಟೀವಿಯಲ್ಲಿ ನೋಡುತ್ತಿದ್ದ ನಮಗಾರಿಗೂ ಅದು ಗೊತ್ತಾಗಲಿಲ್ಲ.

ಅದೇ ವರ್ಷದ ಮಾರ್ಚ್ 7ರಂದು ಇವರು ಮಾಡಿದ ಕೆಲಸ ಸ್ಕೈಲ್ಯಾಬಿನ ಕಥೆ ಬಲ್ಲವರು ಗಮನಿಸಬೇಕಾದದ್ದು. ಮೇಘಾ-ಟ್ರಾಪಿಕ್ಸ್ ಎಂಬುದು ಉಷ್ಣವಲಯದ ಮಳೆ ಮೋಡಗಳನ್ನು ಅಭ್ಯಸಿಸಲು ಭಾರತ ಮತ್ತು ಫ್ರಾನ್ಸ್ ಸೇರಿ 2011ರಲ್ಲಿ ಹಾರಿಸಿದ ಒಂದು ಟನ್ ತೂಕದ ಉಪಗ್ರಹ. ಸುಮಾರು 870 ಕಿಲೋಮೀಟರ್ ಎತ್ತರದಲ್ಲಿದ್ದ ಅದನ್ನು ಹಾಗೇ ಬಿಟ್ಟಿದ್ದರೆ ನೂರು ವರ್ಷಕ್ಕೂ ಮೇಲ್ಪಟ್ಟು ಅಲ್ಲಿಯೇ ಸುತ್ತುತ್ತಿತ್ತು. ಬೀಳಿಸುವ ಉದ್ದೇಶದಿಂದ ಅದನ್ನು ಕಟ್ಟಿರಲಿಲ್ಲ, ಸ್ಕೈಲ್ಯಾಬಿನಂತೆಯೇ. ಆದರೆ ಟ್ಯಾಂಕಿನಲ್ಲಿ 125 ಕಿಲೋದಷ್ಟು ಇಂಧನ ಉಳಿದಿತ್ತು. 2022ರ ಆಗಸ್ಟ್‌ನಿಂದ ಆರಂಭಿಸಿ ಒಂದೊಂದೇ ಸಲ ಎಂಜಿನ್ ಉರಿಸಿ, ತಿಂಗಳುಗಟ್ಟಲೆ ಮೆಟ್ಟಿಲು ಮೆಟ್ಟಿಲಾಗಿ ಅದನ್ನು ಕೆಳಗಿಳಿಸಿದರು. ಮುದಿ ಯಂತ್ರ ಆ ಗಾಳಿಯ ತಡೆಯಲ್ಲಿ ಮಾತು ಕೇಳುತ್ತದೋ ಇಲ್ಲವೋ ಎಂಬ ಆತಂಕ ಕೊನೆಯವರೆಗೂ ಇತ್ತು. ಕೊನೆಯ ಎರಡು ಉರಿಗಳನ್ನು ಬೆಂಗಳೂರಿನಿಂದ ಆಜ್ಞಾಪಿಸಿ, ದ್ವೀಪಗಳಿಲ್ಲದ ಪೆಸಿಫಿಕ್ ಸಾಗರದ ಒಂದು ಭಾಗದ ಮೇಲೆ ಅದನ್ನು ಉರಿದುಹೋಗುವಂತೆ ಮಾಡಿದರು.

2024ರ ಏಪ್ರಿಲ್‌ನಲ್ಲಿ ಬೆಂಗಳೂರಿನಲ್ಲಿ ಹಲವು ದೇಶಗಳ ಬಾಹ್ಯಾಕಾಶ ಸಂಸ್ಥೆಗಳು ಕಸದ ವಿಚಾರವಾಗಿಯೇ ಸಭೆ ಸೇರಿದಾಗ, ಆಗಿನ ಅಧ್ಯಕ್ಷ ಸೋಮನಾಥ್ ಅವರು 2030ರ ಹೊತ್ತಿಗೆ ಭಾರತದ ಎಲ್ಲ ಯಾನಗಳೂ, ಸರ್ಕಾರದ್ದಾಗಲಿ ಖಾಸಗಿಯವರದ್ದಾಗಲಿ, ಕಸ ಉಳಿಸದಂತೆ ಮಾಡುವ ಗುರಿಯನ್ನು ಪ್ರಕಟಿಸಿದರು. ಇದಕ್ಕೆ ಯಾವ ಕಾನೂನಿನ ಕಟ್ಟೂ ಇಲ್ಲ, ತಾವೇ ಹಾಕಿಕೊಂಡ ಗಡುವು. ಇತ್ತ ಖಾಸಗಿ ಕಂಪನಿಗಳು ಸಾವಿರಗಟ್ಟಲೆ ಉಪಗ್ರಹಗಳನ್ನು ಹಾರಿಸುತ್ತಿವೆ. 2022ರಲ್ಲಿ ನ್ಯೂ ಸೌತ್ ವೇಲ್ಸ್‌ನ ಡಾಲ್ಗೆಟಿ ಬಳಿ ಕುರಿ ಮೇಯುವ ಹೊಲದಲ್ಲಿ ಸ್ಪೇಸ್-ಎಕ್ಸ್ ನೌಕೆಯ ಮೂರು ಮೀಟರ್ ಎತ್ತರದ ತುಂಡು ನೆಟ್ಟಗೆ ನಾಟಿಕೊಂಡಿತ್ತು. ಅಲ್ಲಿನ ಶೈರ್‌ನವರು ದಂಡದ ಚೀಟಿ ಬರೆದ ಸುದ್ದಿಯನ್ನು ನಾನಂತೂ ಎಲ್ಲಿಯೂ ಓದಲಿಲ್ಲ.